ರಾಣಿಯ ಸುರುಳಿಗೊಂದು ದೃಷ್ಟಿಬೊಟ್ಟು

ಹೋದ ಭಾನುವಾರ ಮೊಮ್ಮಗಳು ರಿಯಾ ತನ್ನ ಆರು ವಾರದ ಮಗಳನ್ನು ಎತ್ತಿಕೊಂಡು ಇಲ್ಲೇ ನೈರೋಬಿಯ ವೆಸ್ಟ್‌ಲ್ಯಾಂಡ್ಸ್‌ನಿಂದ ಬಂದಿದ್ದಳು. ಮಗು ನನ್ನ ತೊಡೆಯ ಮೇಲೆ ಮಲಗಿ ಒಮ್ಮೆ ನಕ್ಕಿತು. ಅದು ನಗುವಲ್ಲ, ಗ್ಯಾಸ್ ಎಂದು ರಿಯಾ ತಿದ್ದಿದಳು. ಗ್ಯಾಸೋ ನಗುವೋ, ನನ್ನ ತೋರುಬೆರಳು ನನ್ನನ್ನೂ ಕೇಳದೆ ಕಾಡಿಗೆ ಡಬ್ಬಿಗೆ ಹೋಗಿ ಬಂದು ಮಗುವಿನ ಎಡಗೆನ್ನೆಯ ಮೇಲೆ ಒಂದು ಬೊಟ್ಟು ಇಟ್ಟುಬಿಟ್ಟಿತು.

"ಅಜ್ಜೀ, ನೋ! ದಟ್ ಥಿಂಗ್ ಹ್ಯಾಸ್ ಲೆಡ್!" ಎಂದು ಚೀರಿ, ಕಾಡಿಗೆಯ ಸೀಸ ಮೈಗೆ ಇಳಿದೇಬಿಟ್ಟಿತೆಂಬಂತೆ ರಿಯಾ ವೆಟ್ ವೈಪ್ಸ್ ಎಳೆದು ಒರೆಸಿದಳು. ಒಂದಲ್ಲ, ಮೂರು. ಮಗುವಿನ ಕೆನ್ನೆ ಟೊಮೇಟೊ ಆಯಿತು.

ನಾನು ಕಾಡಿಗೆ ಡಬ್ಬಿಯ ಮುಚ್ಚಳ ಹಾಕಿದೆ. ವಾದಿಸುವುದಕ್ಕೆ ನನಗೆ ಮುಖವಿರಲಿಲ್ಲ. ಈ ಬೆರಳಿನ ಚಾಳಿಯಿಂದ ನಾನು ಪಟ್ಟ ಪಾಡು ರಿಯಾಳಿಗೆ ಗೊತ್ತಿಲ್ಲ. ನಿಮಗೆ ಹೇಳಿದರೆ ನಕ್ಕು ಮರೆತುಬಿಡುತ್ತೀರಿ ಎಂಬ ಧೈರ್ಯದ ಮೇಲೆ ಹೇಳುತ್ತೇನೆ.

ಚಾಳಿ ಬಂದದ್ದು ಅಮ್ಮನಿಂದ. ಮೈಸೂರಿನ ನಮ್ಮ ಮನೆಯಲ್ಲಿ ಚೆನ್ನಾಗಿರುವ ಯಾವ ವಸ್ತುವೂ ಕಪ್ಪು ಬೊಟ್ಟಿಲ್ಲದೆ ತಪ್ಪಿಸಿಕೊಂಡದ್ದಿಲ್ಲ. ಕೂಸುಗಳಿಗೆ ಕೆನ್ನೆಯ ಮೇಲೆ, ಮದುಮಗಳಿಗೆ ಕಿವಿಯ ಹಿಂದೆ, ಅಪ್ಪ ಕೊಂಡ ಹೊಸ ಸೈಕಲ್ಲಿಗೆ ಸೀಟಿನ ಕೆಳಗೆ. ಹಿತ್ತಲಿನಲ್ಲಿ ಒಂದು ಬೂದುಗುಂಬಳ ವಿಪರೀತ ದಪ್ಪ ಬಿಟ್ಟಾಗ ಅದಕ್ಕೂ ಇಟ್ಟಿದ್ದಳು. ಆಮೇಲೆ ಅದೇ ಕುಂಬಳವನ್ನು ಬೇರೆಯವರ ದೃಷ್ಟಿ ತೆಗೆಯಲು ಒಡೆದದ್ದು ಅದರ ಹಣೆಬರಹ.

ಇದನ್ನು ಬಿಡಿಸಲು ಕಾನ್ವೆಂಟಿನ ಸಿಸ್ಟರ್ ಅಗಾಥಾ ಬಹಳ ಪ್ರಯತ್ನಪಟ್ಟರು. ನನ್ನ ಕೈಬರಹ ದುಂಡಗಿತ್ತು. ಹಾಗಾಗಿ ಸ್ಕೂಲಿಗೆ ದೊಡ್ಡವರು ಬಂದಾಗ ಓದುವ ವೆಲ್ಕಮ್ ಅಡ್ರೆಸ್ ಬರೆಯುವ ಕೆಲಸ ನನ್ನದು. ಮೊದಲ ಅಕ್ಷರವನ್ನು ಅಂಗೈಯಗಲ ಬರೆದು, ಅದರ ಹೊಟ್ಟೆಯೊಳಗೆ ಬಳ್ಳಿ, ಹಕ್ಕಿ, ಚಿನ್ನದ ಬಣ್ಣ ತುಂಬುವುದನ್ನು ಅವರೇ ನನಗೆ ಕಲಿಸಿದರು. ಬಿಷಪ್ಪರು ಬರುವ ವರ್ಷ ನಾನು ಡಬ್ಲ್ಯೂ ಅಕ್ಷರದ ಮೇಲೆ ಒಂದು ಗಿಣಿ ಕೂರಿಸಿದೆ. ಗಿಣಿ ಎಷ್ಟು ಚೆನ್ನಾಗಿ ಬಂತೆಂದರೆ... ಹೌದು, ನೀವು ಊಹಿಸಿದಿರಿ.

"ವಾಟ್ ಈಸ್ ದಿಸ್, ವಿಮಲಾ? ಎ ಫ್ಲೈ?"

"ನೋ ಸಿಸ್ಟರ್. ದೃಷ್ಟಿ."

"ವಿ ಡು ನಾಟ್ ಹ್ಯಾವ್ ದೃಷ್ಟಿ ಇನ್ ದಿಸ್ ಸ್ಕೂಲ್, ಚೈಲ್ಡ್."

ಬ್ಲೇಡಿನಿಂದ ಕೆರೆಸಿ ತೆಗೆಸಿದರು. ಆ ದಿನ ಸಂಜೆ ಬಿಷಪ್ಪರು ವೇದಿಕೆ ಹತ್ತುವಾಗ ಎಡವಿ ಬಿದ್ದರು. ನಾನು ಯಾರ ಮೇಲೂ ಏನನ್ನೂ ಹೇಳುತ್ತಿಲ್ಲ.

ಇನ್ನು ನೆರೆಮನೆಯ ಮಿರಿಯಮ್ ವಿಷಯಕ್ಕೆ ಬರುತ್ತೇನೆ. ಮೈಸೂರು ಬಿಟ್ಟು ನಾನು ನೆಲೆಸಿದ ಈ ನೈರೋಬಿಯಲ್ಲಿ, ಹರ್ಲಿಂಗ್‌ಹ್ಯಾಮಿನ ನಮ್ಮ ಕಾಂಪೌಂಡಿನಲ್ಲಿ ನಾಲ್ಕು ಮನೆ. ಗೇಟಿನ ಪಕ್ಕದ್ದು ನನ್ನದು, ಅವೊಕಾಡೊ ಮರದ ಕೆಳಗಿನದು ಅವಳದು. ನಮ್ಮ ಯಜಮಾನರಿದ್ದಾಗ ಸೌತ್ ಬಿ ಬಡಾವಣೆ ಬಿಟ್ಟು ಇಲ್ಲಿಗೆ ಬಂದ ದಿನ ಮೊದಲು ಬಾಗಿಲು ತಟ್ಟಿದವಳು ಅವಳೇ. ಸ್ವಾಗತಕ್ಕಲ್ಲ, "ಕಾಯಿ ನಿಮ್ಮ ಕಾರಿನ ಮೇಲೆ ಬಿದ್ದರೆ ನಾನು ಜವಾಬ್ದಾರಳಲ್ಲ" ಎಂದು ಹೇಳುವುದಕ್ಕೆ. ನನಗಿಂತ ಐದು ವರ್ಷ ದೊಡ್ಡವಳು, ಎಂಬತ್ತಮೂರು. ನೈರೋಬಿಯಲ್ಲೇ ಹುಟ್ಟಿದ ಯೆಹೂದಿ. ನಾವು ಆಡುವುದು ಇಂಗ್ಲಿಷೇ. ಆದರೆ ಇಪ್ಪತ್ತು ವರ್ಷ ಜೊತೆಯಲ್ಲಿ ವಾಕಿಂಗ್ ಮಾಡಿದ ಮೇಲೆ ಅವಳ ಮಾತು ನನ್ನ ಕಿವಿಗೆ ಕನ್ನಡವಾಗಿಯೇ, ಅದೂ ಏಕವಚನದಲ್ಲಿ ಬೀಳುತ್ತದೆ. ಹಾಗೆಯೇ ಬರೆಯುತ್ತೇನೆ.

ಅವಳ ಮನೆಯಲ್ಲಿ ಒಂದು ಚರ್ಮದ ಸುರುಳಿ ಇದೆ. ಹದಮಾಡಿದ ಚರ್ಮದ ಹಾಳೆಗಳನ್ನು ಒಂದಕ್ಕೊಂದು ಹೊಲಿದು, ಗರಿಯ ಲೇಖನಿಯಲ್ಲಿ ಕೈಯಿಂದ ಬರೆದದ್ದು. ಪರ್ಷಿಯಾದ ರಾಜನ ಕೈಹಿಡಿದ ಯೆಹೂದಿ ಹುಡುಗಿಯೊಬ್ಬಳು ದುಷ್ಟ ಮಂತ್ರಿಯಿಂದ ತನ್ನ ಜನರನ್ನು ಉಳಿಸಿದ ಕಥೆ. ನಮ್ಮ ಹೋಳಿಯ ಆಸುಪಾಸಿನಲ್ಲಿ ಅವರಿಗೊಂದು ಹಬ್ಬ ಬರುತ್ತದೆ; ಆ ದಿನ ಇಡೀ ಸುರುಳಿಯನ್ನು ಗಟ್ಟಿಯಾಗಿ ಓದಬೇಕು. ಮಿರಿಯಮ್‌ಳ ಅಮ್ಮ ಯುರೋಪಿನಿಂದ ಜೀವ ಕೈಯಲ್ಲಿ ಹಿಡಿದು ಓಡಿ ಬಂದಾಗ ಅದನ್ನು ಲಟ್ಟಣಿಗೆಯ ಜೊತೆ ಬಟ್ಟೆಯಲ್ಲಿ ಸುತ್ತಿ ತಂದಿದ್ದರಂತೆ. ಹಬ್ಬದ ದಿನ ಹೆಂಗಸರನ್ನೆಲ್ಲ ಕೂಡಿಸಿಕೊಂಡು ಅಮ್ಮ ಓದುತ್ತಿದ್ದರು. ಅವರ ನಂತರ ಮಗಳು.

ಹೋದ ವರ್ಷ ಮಿರಿಯಮ್ ಮನೆಯ ಮೇಲಿನ ನೀರಿನ ಟ್ಯಾಂಕ್ ಬಿರುಕು ಬಿಟ್ಟು ನೀರು ಕಪಾಟಿನೊಳಗೆ ಇಳಿಯಿತು. ಅಕ್ಷರಗಳಿಗೆ ಏನೂ ಆಗಲಿಲ್ಲ; ಆ ಮಸಿ ಹಿಂದಿನವರ ಮಸಿ. ಸುತ್ತಲಿನ ಚಿತ್ರದ ಅಂಚು ಮಾತ್ರ ಹಾಳಾಯಿತು. ದಾಳಿಂಬೆಯ ಕೆಂಪು ನವಿಲಿನ ನೀಲಿಗೆ ಇಳಿದು, ನವಿಲು ಸಿಂಹದ ಮೇಲೆ ಹರಿದು, ಬಣ್ಣ ಎರಚಾಡಿದ ಮಕ್ಕಳ ಷರಟಿನ ಹಾಗಾಗಿತ್ತು.

"ನಮ್ಮ ಪ್ರಾರ್ಥನಾ ಮಂದಿರದ ಹೆಂಗಸರ ಗುಂಪಿನಿಂದ ಫೋನ್ ಬಂದಿತ್ತು," ಎಂದಳು ಮಿರಿಯಮ್, ವಾಕಿಂಗ್ ನಿಲ್ಲಿಸಿ. "ಈ ವರ್ಷ ನಮ್ಮಲ್ಲಿಗೆ ಬನ್ನಿ, ಆರಾಮವಾಗಿ ಕೂತು ಕೇಳಿ ಅಂತ. ಅರವತ್ತು ವರ್ಷ ಓದಿದ್ದೀನಿ ವಿಮಲಾ. ಕೇಳೋದು ನನಗೆ ಬರಲ್ಲ."

"ಹಾಗಾದರೆ ಓದು. ಅಕ್ಷರ ಚೆನ್ನಾಗಿದೆಯಲ್ಲ?"

"ಅಮ್ಮನ ಸುರುಳಿನ ಈ ಅಳುಮುಖದಲ್ಲಿ ಹೊರಗೆ ತರಲ್ಲ. ನೀನು ಪೇಂಟ್ ಮಾಡಿಕೊಡು. ದೀಪಾವಳಿ ಕಾರ್ಡಿಗೆ ನವಿಲು ಬರೀತೀಯಲ್ಲ, ಅದೇ ನವಿಲು."

ಬೇಡವೇ ಬೇಡ ಎಂದೆ. ಬೇರೆಯವರ ದೇವರ ಪುಸ್ತಕ! ಅವಳು ಸಮಾಧಾನ ಹೇಳಿದಳು. ಅವರ ದೊಡ್ಡ ಧರ್ಮಗ್ರಂಥದ ಸುರುಳಿಯಲ್ಲಿ ಒಂದು ಹೂವೂ ಇರಕೂಡದಂತೆ, ಬರೀ ಅಕ್ಷರ. ಆದರೆ ಈ ರಾಣಿಯ ಕಥೆಯಲ್ಲಿ ಮೊದಲಿನಿಂದ ಕೊನೆಯವರೆಗೆ ದೇವರ ಹೆಸರೇ ಬರುವುದಿಲ್ಲ. ಆದ್ದರಿಂದ ಚಿತ್ರಗಾರರಿಗೆ ಸಲಿಗೆ. ದೇವರು ಮನೆಯಲ್ಲಿಲ್ಲದಾಗ ಮಕ್ಕಳು ಗೋಡೆ ಮೇಲೆ ಗೀಚಿದ ಹಾಗೆ ಎಂದು ನನಗೆ ಅರ್ಥವಾಯಿತು.

"ಒಂದೇ ನೆನಪಿಟ್ಟುಕೋ," ಎಂದಳು. "ಅಕ್ಷರದ ತಂಟೆಗೆ ಮಾತ್ರ ಹೋಗಬೇಡ. ಪ್ರತಿ ಅಕ್ಷರದ ಸುತ್ತಲೂ ಖಾಲಿ ಚರ್ಮ ಇರಬೇಕು. ಕೂದಲೆಳೆಯಷ್ಟಾದರೂ. ಇನ್ನೊಂದು ಗೆರೆ ತಾಗಿತು ಅಂದರೆ ಮುಗೀತು. ಹಬ್ಬದ ಹಿಂದಿನ ವಾರ ಜೊಹಾನೆಸ್‌ಬರ್ಗ್‌ನಿಂದ ಲಿಪಿಕಾರ ಬರ್ತಾನೆ. ಅವನು ಓದಬಹುದು ಅಂದರೆ ಓದೋದು. ಇಲ್ಲ ಅಂದರೆ ಸುರುಳಿನ ಸ್ಮಶಾನದಲ್ಲಿ ಹೂಳಬೇಕು, ಮನುಷ್ಯರ ಹಾಗೆ."

ಹೀಗೆ ಹೆದರಿಸಿದ ಮೇಲೆ ಬ್ರಷ್ ಕೈಗೆ ಕೊಟ್ಟಳು.

ಹದಿನೈದು ದಿನ ಬೆಳಿಗ್ಗೆ ತಿಂಡಿ ಮುಗಿಸಿ ಅವಳ ಡೈನಿಂಗ್ ಟೇಬಲ್ಲಿಗೆ ಹೋಗುತ್ತಿದ್ದೆ. ಮೊದಲ ದಿನ ಮುಟ್ಟುವ ಮೊದಲು ಮೆಲ್ಲಗೆ ಕೇಳಿದೆ, "ಇದು... ಯಾವುದರದು?"

"ಮೇಕೆ ಇರಬೇಕು. ಅಥವಾ ಜಿಂಕೆ. ನಿನ್ನ ಅಜ್ಜಿ ಹುಟ್ಟೋ ಮೊದಲೇ ಸತ್ತಿದೆ, ನಿನಗೆ ಪಾಪ ಬರಲ್ಲ."

ಜಿಂಕೆ ಎಂದೇ ಇಟ್ಟುಕೊಂಡೆ. ನಮ್ಮ ತಾತ ಮೂರು ಹೊತ್ತೂ ಸಂಧ್ಯಾವಂದನೆಗೆ ಕೂರುತ್ತಿದ್ದದ್ದು ಜಿಂಕೆ ಚರ್ಮದ ಮೇಲೆ. ಅವರು ಕೂರಬಹುದಾದರೆ ನಾನು ಬರೆಯಬಹುದು. ಹಾಗೂ ಮನೆಗೆ ಬಂದು ಕಾಲು ತೊಳೆಯುತ್ತಿದ್ದೆ. ಕೈ ತೊಳೆದಿದ್ದರೆ ಅರ್ಥವಿತ್ತು. ಕಾಲು ಯಾಕೆ ತೊಳೆದೆನೋ ತಿಳಿಯದು.

ದಾಳಿಂಬೆಗಳು ಸಲೀಸಾಗಿ ಬಂದವು. ಹಳೆಯ ಹಳದಿ ಮಾತ್ರ ಯಾವ ಟ್ಯೂಬಿನಲ್ಲೂ ಸಿಗಲಿಲ್ಲ. ಚಿಟಿಕೆ ಅರಿಶಿನ ಹಾಕಲೇ ಎಂದೆ. "ನನ್ನ ಅಮ್ಮನ ಸುರುಳಿಗೆ ನಿನ್ನ ಮಸಾಲೆ ಬೇಡ," ಎಂದಳು ಮಿರಿಯಮ್. ಸಿಂಹವನ್ನು ಬರೆದು ಮುಗಿಸಿದಾಗ ಅವಳ ಅಡುಗೆಯ ರೋಸ್ ಸೌಟು ಹಿಡಿದೇ ಬಂದು ನೋಡಿದಳು. ಮೂವತ್ತು ವರ್ಷದಿಂದ ಆ ಮನೆಯಲ್ಲಿರುವವಳು. ಅಭಿಪ್ರಾಯಕ್ಕೆ ಯಾರ ಅಪ್ಪಣೆಯನ್ನೂ ಕಾಯುವುದಿಲ್ಲ.

"ಮಮಾ, ಇದು ಸಿಂಬಾ ಅಲ್ಲ. ನಾಯಿ. ಅದೂ ಹಸಿದಿರೋ ನಾಯಿ."

ಸಿಂಹಗಳಿರುವ ದೇಶದಲ್ಲಿ ಸಿಂಹ ಬರೆಯುವುದು ಕಷ್ಟ. ಕೇಸರವನ್ನು ಹೆಚ್ಚಿಸಿದೆ. "ಸವಾ, ಸರಿ," ಎಂದಳು ರೋಸ್. "ಈಗ ಊಟ ಮಾಡಿದೆ."

ಹದಿನೈದನೆಯ ದಿನ ನವಿಲು ಮುಗಿಯಿತು. ಎದ್ದು ಎರಡು ಹೆಜ್ಜೆ ಹಿಂದೆ ಸರಿದು ನೋಡಿದೆ. ಸ್ವಂತ ಹೊಗಳಿಕೆ ಎನ್ನಬೇಡಿ. ಕಿಟಕಿಯ ಬಿಸಿಲಿನಲ್ಲಿ ಆ ಕತ್ತು, ಆ ಗರಿ, ಅದರ ಮಗ್ಗುಲಲ್ಲಿ ತಲೆಕಟ್ಟಿನ ಬದಲು ಪುಟ್ಟ ಕಿರೀಟ ತೊಟ್ಟು ನಿಂತ ಚೌಕ ಚೌಕ ಅಕ್ಷರಗಳು. ಮಿರಿಯಮ್ ಕುರ್ಚಿಯಲ್ಲೇ ತೂಕಡಿಸುತ್ತಿದ್ದಳು. ಅವಳ ಅಮ್ಮ ನೋಡಿದ್ದರೆ ಏನನ್ನುತ್ತಿದ್ದರೋ ಎಂದುಕೊಂಡೆ. ನನ್ನ ಅಮ್ಮ ನೋಡಿದ್ದರೆ ಏನನ್ನುತ್ತಿದ್ದಳೋ ಅದು ಮಾತ್ರ ಸ್ಪಷ್ಟವಾಗಿ ಕೇಳಿಸಿತು.

ಕೈಯಲ್ಲಿ ಕಪ್ಪು ಅದ್ದಿದ ಬ್ರಷ್ ಇತ್ತು. ಕೊನೆಯ ಸಾಲು ಮುಗಿದ ಕಡೆ ಒಂದಿಷ್ಟು ಖಾಲಿ ಚರ್ಮ ಇತ್ತು, ನುಣ್ಣಗೆ, ಥೇಟು ಕೆನ್ನೆ. ಇಟ್ಟೆ.

ಇಟ್ಟಾಗ ಸಾಸಿವೆಯಷ್ಟಿತ್ತು. ಹಳೆಯ ಚರ್ಮ, ಕಪ್ಪು ನಿಂತಲ್ಲಿ ನಿಲ್ಲಲಿಲ್ಲ. ನಾನು ನೋಡುತ್ತಿದ್ದ ಹಾಗೆಯೇ ಕೊತ್ತಂಬರಿ ಬೀಜದಷ್ಟಾಗಿ, ಪಕ್ಕಕ್ಕೆ ತೆವಳಿ, ಕಥೆಯ ಕೊಟ್ಟಕೊನೆಯ ಅಕ್ಷರದ ಪಾದಕ್ಕೆ ನಮಸ್ಕಾರ ಮಾಡಿತು.

ಹಿಂದೆ ರೋಸ್ ನಿಂತಿದ್ದಳು. ಟೇಬಲ್ಲನ್ನು ನೋಡಿದಳು, ನನ್ನನ್ನು ನೋಡಿದಳು, ಮಲಗಿದ್ದ ಮಿರಿಯಮ್‌ಳನ್ನು ನೋಡಿದಳು. "ಪೋಲೆ, ಮಮಾ," ಎಂದಳು. ಅಯ್ಯೋ ಪಾಪ ಎನ್ನುವ ಹಾಗೆ. "ನಾನಂತೂ ಏನೂ ನೋಡಿಲ್ಲ."

ಆಮೇಲಿನ ಮೂರು ದಿನ ನನಗೆ ಅನ್ನ ಸೇರಲಿಲ್ಲ. ಕಾನ್ವೆಂಟಿನಲ್ಲಿ ಕ್ಯಾಥೊಲಿಕ್ ಹುಡುಗಿಯರು ಶನಿವಾರ ಕನ್ಫೆಷನ್‌ಗೆ ಸಾಲು ನಿಂತು, ಐದೇ ನಿಮಿಷದಲ್ಲಿ ಹಗುರಾಗಿ ಹೊರಬಂದು ಬೋರೆಹಣ್ಣು ತಿನ್ನುತ್ತಿದ್ದದ್ದು ನೆನಪಾಗಿ ಹೊಟ್ಟೆ ಉರಿಯಿತು. ನಮ್ಮಲ್ಲಿ ಅಂಥ ಸೌಲಭ್ಯವಿಲ್ಲ. ವಾಕಿಂಗಿನಲ್ಲಿ ಎರಡು ಸಲ ಬಾಯಿ ತೆರೆದೆ. ಒಂದು ಸಲ ಮಿರಿಯಮ್, "ಅಮ್ಮನೇ ಮತ್ತೆ ಬಂದ ಹಾಗಿದೆ ಕಣೆ," ಎಂದಳು. ಇನ್ನೊಂದು ಸಲ ಈ ವರ್ಷ ಯಾರು ಯಾರನ್ನು ಕರೆಯಬೇಕೆಂದು ಬೆರಳು ಮಡಿಚುತ್ತಿದ್ದಳು. ಬಾಯಿ ಮುಚ್ಚಿದೆ. ಸುರುಳಿಯನ್ನು ಅರ್ಧ ಬಾಯಿಪಾಠದಿಂದಲೇ ಓದುವ ಅವಳ ಮಂಜುಗಣ್ಣಿಗೆ ಬೊಟ್ಟು ಕಂಡಿರಲಿಲ್ಲ.

ಲಿಪಿಕಾರ ಬಂದ. ನಾನು ಹಣ್ಣು ಹಣ್ಣು ಮುದುಕನನ್ನು ಕಲ್ಪಿಸಿಕೊಂಡಿದ್ದೆ. ಬಂದವನಿಗೆ ಮೂವತ್ತೈದು ಇರಬಹುದು. ಕಪ್ಪು ಟೋಪಿ, ಗಡ್ಡ, ಕೈಯಲ್ಲೊಂದು ಪೆಟ್ಟಿಗೆ. ಹೆಸರು ಯೋಸೆಫ್. ಹೆಂಗಸರ ಕೈ ಕುಲುಕುವುದು ಅವರಲ್ಲಿ ನಿಷಿದ್ಧವಂತೆ. ಅವನು ಸಂಕೋಚದಿಂದ ಕೈಗಳನ್ನು ಎಲ್ಲಿಡುವುದೆಂದು ಹುಡುಕುತ್ತಿದ್ದಾಗ ನಾನು ಕೈ ಜೋಡಿಸಿದೆ. ಇಬ್ಬರಿಗೂ ಸುಖವಾಯಿತು. ನಮಸ್ಕಾರ ಎಷ್ಟು ಅನುಕೂಲದ ಪದಾರ್ಥ ಎಂದು ಆ ದಿನ ತಿಳಿಯಿತು.

ಪೆಟ್ಟಿಗೆಯಿಂದ ಭೂತಗನ್ನಡಿ, ಗರಿಗಳು, ಒಂದು ಸಣ್ಣ ಚಾಕು ಹೊರಬಂದವು. ಬಲಗಡೆಯಿಂದ ಶುರುಮಾಡಿ ಒಂದೊಂದೇ ಅಕ್ಷರ ನೋಡುತ್ತಾ ಹೋದ. ಅಕ್ಕಿಯಲ್ಲಿ ಕಲ್ಲು ಆರಿಸುವವರು ಕೂಡ ಇಷ್ಟು ನಿಧಾನ ಮಾಡುವುದಿಲ್ಲ. ನಾನು ಮೂಲೆಯ ಕುರ್ಚಿಯಲ್ಲಿ ಎಸ್ಸೆಸ್ಸೆಲ್ಸಿ ರಿಸಲ್ಟಿಗೆ ಕಾಯುವ ಹಾಗೆ ಕಾದೆ. ರೋಸ್ ಕಾರಣವಿಲ್ಲದೆ ನಾಲ್ಕು ಸಲ ಟೀ ತಂದಳು. ಸಿಂಹದ ಹತ್ತಿರ ಅವನು ಸ್ವಲ್ಪ ನಿಂತ. "ನಾಯಿ ಚೆನ್ನಾಗಿದೆ," ಎಂದ.

ಕೊನೆಯ ಸಾಲಿಗೆ ಬಂದ. ಭೂತಗನ್ನಡಿ ಅಲ್ಲೇ ನಿಂತಿತು.

"ಈ ಚುಕ್ಕೆ ಯಾರು ಇಟ್ಟದ್ದು?"

ಎಪ್ಪತ್ತೆಂಟು ವರ್ಷದ ನಾನು ಎದ್ದು ನಿಂತೆ. ಕೈ ತಾನಾಗಿ ಬೆನ್ನ ಹಿಂದೆ ಹೋಯಿತು. "ಐ ಡಿಡ್, ಸಿಸ್ಟರ್," ಎಂದೆ.

ಗಡ್ಡದ ಸಿಸ್ಟರ್ ನನ್ನನ್ನು ದಿಟ್ಟಿಸಿದ. ಮತ್ತೆ ತೂಕಡಿಸುತ್ತಿದ್ದ ಮಿರಿಯಮ್ ಎಚ್ಚೆತ್ತು, "ಯಾವ ಚುಕ್ಕೆ? ಎಲ್ಲಿ? ಅಕ್ಷರಕ್ಕೆ ತಾಗಿದೆಯಾ?" ಎಂದು ಮುಗ್ಗರಿಸುತ್ತ ಬಂದಳು.

"ತಾಗಿದೆ," ಎಂದ ಯೋಸೆಫ್. "ನಡುವೆ ಎಲ್ಲಾದರೂ ಆಗಿದ್ದರೆ ಈ ಸುರುಳಿಯಲ್ಲಿ ಹೇಗೋ ನಡೆಯುತ್ತಿತ್ತು. ಮೊದಲು ಮತ್ತು ಕೊನೆ ಮಾತ್ರ ಕೆಡಬಾರದು. ನೀವು ಹುಡುಕಿ ಹುಡುಕಿ ಇದೇ ಜಾಗಕ್ಕೆ ಇಟ್ಟಿದ್ದೀರಿ."

"ವಿಮಲಾ," ಎಂದಳು ಮಿರಿಯಮ್. ಇಪ್ಪತ್ತು ವರ್ಷದಲ್ಲಿ ಅವಳು ನನ್ನನ್ನು ಅಷ್ಟು ಮೆಲ್ಲಗೆ ಕರೆದದ್ದಿಲ್ಲ. ಬೈದಿದ್ದರೆ ವಾಸಿಯಿತ್ತು. "ಯಾಕೆ?"

ಹೇಳಿದೆ. ಅಮ್ಮ, ಸೈಕಲ್ಲು, ಕುಂಬಳಕಾಯಿ, ಗಿಣಿ, ಬಿಷಪ್ಪರು, ಎಲ್ಲ ಹೇಳಿದೆ. "ಬಹಳ ಚೆನ್ನಾಗಿತ್ತು ಮಿರಿಯಮ್. ಅಷ್ಟು ಚೆನ್ನಾಗಿದ್ದರೆ ಹಾಗೇ ಬಿಡೋ ಹಾಗಿಲ್ಲ. ಕಣ್ಣು ಬೀಳುತ್ತೆ."

ಯೋಸೆಫ್ ಗಡ್ಡ ನೀವಿಕೊಂಡ. ಆಮೇಲೆ ಮಿರಿಯಮ್‌ಗಲ್ಲ, ನನಗೂ ಅಲ್ಲ, ಟೇಬಲ್ಲಿಗೆ ಹೇಳುವ ಹಾಗೆ ಹೇಳಿದ: "ನಮ್ಮ ದೊಡ್ಡ ಸುರುಳಿಯಲ್ಲಿ ಹತ್ತು ಕಡೆ ಅಕ್ಷರಗಳ ಮೇಲೆ ಚುಕ್ಕೆ ಇವೆ. ಯಾಕೆ ಅಂತ ಖಂಡಿತವಾಗಿ ಯಾರಿಗೂ ಗೊತ್ತಿಲ್ಲ. ಪಂಡಿತರು ಒಬ್ಬೊಬ್ಬರು ಒಂದೊಂದು ಕಾರಣ ಕೊಡ್ತಾರೆ. ನಾವು ಮಾತ್ರ ಇದ್ದ ಹಾಗೇ ಚುಕ್ಕೆ ಇಡ್ತಾ ಬಂದಿದ್ದೀವಿ."

ನನಗೆ ಧೈರ್ಯ ಬಂತು. "ಎಂಥ ಜಾಗದಲ್ಲಿ ಇವೆ?"

"ಒಂದು ಕಡೆ... ಇಬ್ಬರು ಅಣ್ಣತಮ್ಮಂದಿರು. ಜಗಳವಾಗಿ ಬೇರೆಯಾದವರು. ಎಷ್ಟೋ ವರ್ಷದ ಮೇಲೆ ಅಣ್ಣ ಓಡಿಬಂದು ತಮ್ಮನನ್ನು ತಬ್ಬಿ ಮುತ್ತಿಡ್ತಾನೆ. ಆ ಮುತ್ತಿಟ್ಟ ಅನ್ನೋ ಮಾತಿನ ಅಕ್ಷರ ಅಕ್ಷರಕ್ಕೂ ಚುಕ್ಕೆ."

"ಮತ್ತೆ!" ಎಂದೆ. "ಇದರಲ್ಲಿ ಪಂಡಿತರನ್ನು ಕೇಳೋದು ಏನಿದೆ? ಎಷ್ಟೋ ವರ್ಷದ ಮೇಲೆ ಕೂಡಿಕೊಂಡಿದ್ದಾರೆ. ದೃಷ್ಟಿ ಆಗದೇ ಇರಲಿ ಅಂತ ಇಟ್ಟಿರ್ತಾರೆ."

ಯೋಸೆಫ್ ನನ್ನ ಕಡೆ ತಿರುಗಿದ. "ಎರಡು ಸಾವಿರ ವರ್ಷ ಇದರ ಮೇಲೆ ವಾದ ನಡೆದಿದೆ, ಮೇಡಂ. ಈ ಕಾರಣ ನಾನು ಕೇಳಿದ್ದಿಲ್ಲ."

"ವಾದ ಮಾಡಿದವರೆಲ್ಲ ಗಂಡಸರು," ಎಂದಳು ಮಿರಿಯಮ್, ಕಣ್ಣೊರೆಸಿಕೊಂಡು. "ಮಕ್ಕಳಿಗೆ ಬೊಟ್ಟು ಇಟ್ಟವರು ಒಬ್ಬರೂ ಇರಲಿಲ್ಲ."

ಅವನು ನಕ್ಕುಬಿಟ್ಟ. ನಕ್ಕು, ಚಾಕು ತೆಗೆದುಕೊಂಡ. ಅಕ್ಷರ ಸರಿಯಾಗಿ ಬರೆದು ಮುಗಿದ ಮೇಲೆ ಹೊರಗಿನ ಕಪ್ಪು ಬಂದು ತಾಗಿದ್ದರೆ ಆ ತಾಗಿದ್ದನ್ನು ಕೆರೆದು ಬಿಡಿಸಬಹುದಂತೆ. ಆದರೆ ಅಕ್ಷರದ ಮೈ ಒಂದಿಷ್ಟೂ ಹೋಗಬಾರದು. ಹೋದರೆ ಸ್ಮಶಾನವೇ. "ಯಾರೂ ಉಸಿರಾಡಬೇಡಿ," ಎಂದ. ರೋಸ್ ಸೇರಿ ನಾವು ಮೂವರು ಹೆಂಗಸರೂ ಉಸಿರು ಹಿಡಿದೆವು. ಎಂಬತ್ತರ ಆಸುಪಾಸಿನವರಿಗೆ ಇದು ಸುಲಭದ ಆಜ್ಞೆಯಲ್ಲ. ಚಾಕುವಿನ ತುದಿ ಕಾಲು ಮಿಲಿಮೀಟರಿನಷ್ಟು ಹೋಯಿತು, ಬಂತು, ಹೋಯಿತು. ಕೊನೆಗೆ ಸುರುಳಿಯನ್ನು ಕಿಟಕಿಗೆ ಹಿಡಿದ. ಚುಕ್ಕೆಗೂ ಅಕ್ಷರಕ್ಕೂ ನಡುವೆ ಬೆಳಕಿನ ಒಂದು ಕೂದಲೆಳೆ. ಉಳಿದ ಚುಕ್ಕೆಯನ್ನೂ ಕೆರೆದು, ಊದಿ, "ಓದಬಹುದು," ಎಂದ.

ರೋಸ್ ಐದನೆಯ ಸಲ ಟೀ ತಂದಳು.

ಹಬ್ಬದ ಬೆಳಿಗ್ಗೆ ನಾನು ಹೋದಾಗ ಮಿರಿಯಮ್ ಮಲಗುವ ಕೋಣೆಯ ಕನ್ನಡಿಯ ಮುಂದೆ ಕೂತು ಕೂದಲು ಮೇಲೆತ್ತಿ ಹಿಡಿದಿದ್ದಳು. "ಬಾ, ಬೇಗ. ಸುರುಳಿಗೆ ಬೇಡ ಅಂದರು, ಸರಿ. ಓದೋವಳಿಗೆ ಇಡಬಾರದು ಅಂತ ಯಾವ ಶಾಸ್ತ್ರದಲ್ಲೂ ಇಲ್ಲ. ಕಿವಿ ಹಿಂದೆ ಅಂದೆಯಲ್ಲ?"

ಎಂಬತ್ತಮೂರರ ಮದುಮಗಳಿಗೆ ಕಾಡಿಗೆ ಇಟ್ಟೆ.

ಹಾಲಿನಲ್ಲಿ ಹದಿನೈದು ಹೆಂಗಸರು. ಆ ಹಬ್ಬಕ್ಕೆ ಎಲ್ಲರೂ ವೇಷ ಹಾಕಬೇಕು. ಇಷ್ಟು ವರ್ಷದಲ್ಲಿ ನಾನು ಹೋದದ್ದು ಅದೇ ಮೊದಲು; ನನಗೆ ಯಾರೂ ಹೇಳಿರಲಿಲ್ಲ. ನಿವೃತ್ತ ಡೆಂಟಿಸ್ಟ್ ಒಬ್ಬರು ಕಡಲುಗಳ್ಳನ ಕಣ್ಣುಪಟ್ಟಿ ಕಟ್ಟಿದ್ದರು, ಇನ್ನೊಬ್ಬರು ಜಿರಾಫೆ. ನಾನು ಯಾವಾಗಿನಂತೆ ಮೈಸೂರು ಸಿಲ್ಕ್ ಉಟ್ಟು, ಮುಡಿಗೆ ಹೂ ಸಿಕ್ಕಿಸಿಕೊಂಡು ಹೋಗಿದ್ದೆ. ಬೆಸ್ಟ್ ಕಾಸ್ಟ್ಯೂಮ್ ಬಹುಮಾನ ಬಂತು. "ಎಷ್ಟು ನೈಜವಾಗಿದೆ! ನಡಿಗೆ ಕೂಡ ಹಾಗೇ ಮಾಡ್ತಿದ್ದಾರೆ," ಎಂದರು ಜಿರಾಫೆ. ಬಹುಮಾನ ಒಂದು ಪೊಟ್ಟಣ ತಿಂಡಿ: ನಮ್ಮ ಕರ್ಜಿಕಾಯಿಗೆ ಮೂರು ಮೂಲೆ ಬಂದು, ಒಳಗೆ ಗಸಗಸೆ ತುಂಬಿದರೆ ಹೇಗೋ ಹಾಗೆ.

ಮಿರಿಯಮ್ ಸುರುಳಿ ಬಿಚ್ಚಿ ಓದತೊಡಗಿದಳು. ಆ ದುಷ್ಟ ಮಂತ್ರಿಯ ಹೆಸರು ಬಂದಾಗಲೆಲ್ಲ ಹೆಸರು ಕೇಳಿಸದ ಹಾಗೆ ಗದ್ದಲ ಮಾಡಬೇಕು. ರೋಸ್ ನನ್ನ ಕೈಗೆ ಸ್ಟೀಲ್ ತಟ್ಟೆ, ಚಮಚ ಕೊಟ್ಟು ಹೋದಳು. ಸ್ಕೂಲಿನಲ್ಲಿ ಸ್ಕ್ರಿಪ್ಚರ್ ಪೀರಿಯಡ್ಡಿನಲ್ಲಿ ಕೆಮ್ಮಿದ್ದಕ್ಕೆ ಹೊರಗೆ ನಿಲ್ಲಿಸಿಕೊಂಡವಳು ನಾನು. ಮೊದಲ ಸಲ ಟಣ್ ಎಂದು ಒಂದೇ ಒಂದು ಹೊಡೆದು ಸುತ್ತ ನೋಡಿದೆ. ಯಾರೂ ಹೊರಗೆ ಕಳಿಸಲಿಲ್ಲ. ಎರಡನೆಯ ಸಲ ನಾಲ್ಕು ಹೊಡೆದೆ. ಮೂರನೆಯ ಸಲ ಆ ಮಂತ್ರಿಯ ಜೊತೆ ನನ್ನ ಮಂತ್ರಿಗಳೂ ಬಂದು ನಿಂತರು. ಗಿಣಿಯ ಕೆನ್ನೆ ಕೆರೆಸಿದವರು. ಮದುವೆಯ ದಿನ ನನ್ನ ಬಣ್ಣದ ಬಗ್ಗೆ ಮಾತಾಡಿದ ಅತ್ತೆಯ ತಂಗಿ. ನಮ್ಮವರು ಆಸ್ಪತ್ರೆಯಲ್ಲಿದ್ದಾಗ ಫಾರಂ ಸರಿಯಿಲ್ಲ ಎಂದು ಮೂರು ಸಲ ವಾಪಸ್ ಕಳಿಸಿದ ಕೌಂಟರಿನ ಮನುಷ್ಯ. ಇವರಿಗೆಲ್ಲ ನಾನು ಯೆಸ್, ಥ್ಯಾಂಕ್ ಯೂ ಎಂದಿದ್ದೆ. ಈಗ ಚಮಚ ಉತ್ತರ ಕೊಡುತ್ತಿತ್ತು.

ಎಷ್ಟು ಹೊತ್ತು ಹೊಡೆದೆನೋ. ಕಣ್ಣು ಬಿಟ್ಟರೆ ಎಲ್ಲರೂ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. ಕಡಲುಗಳ್ಳ ಕಣ್ಣುಪಟ್ಟಿ ಮೇಲೆತ್ತಿ ಎರಡೂ ಕಣ್ಣಿನಿಂದ ನೋಡುತ್ತಿದ್ದರು. ಮಿರಿಯಮ್ ಸಾಲಿನ ಮೇಲೆ ಕಡ್ಡಿ ಹಿಡಿದು, ಕನ್ನಡಕದ ಮೇಲಿನಿಂದ ಕಾಯುತ್ತಿದ್ದಳು.

"ವಿಮಲಾ," ಎಂದಳು, "ಅವನನ್ನು ಇನ್ನೂ ಗಲ್ಲಿಗೆ ಹಾಕಿಲ್ಲ. ನಾನು ಮುಂದಕ್ಕೆ ಓದಿದರೆ ತಾನೇ ಅವನು ಸಾಯೋದು?"

ತಟ್ಟೆ ಕೆಳಗಿಟ್ಟೆ. ಅವಳು ಓದಿದಳು. ಗಲ್ಲಿಗೂ ಹಾಕಿಸಿದಳು, ರಾಣಿಯನ್ನು ಗೆಲ್ಲಿಸಿದಳು, ಅವರ ಪದ್ಧತಿಯಂತೆ ಪತ್ರದ ಹಾಗೆ ಒಂದೊಂದೇ ಹಾಳೆ ಮಡಿಚುತ್ತ ಕೊನೆಗೆ ಬಂದಳು. ಕೆರೆದ ಜಾಗ ಸುತ್ತಲಿನದಕ್ಕಿಂತ ಒಂದಿಷ್ಟು ಬೆಳ್ಳಗೆ ಕಾಣುತ್ತಿತ್ತು; ನಾನು ಸೆರಗಿನ ತುದಿ ಬಿಗಿಯಾಗಿ ಹಿಡಿದೆ. ಯಾರೂ ಕೈ ಅಡ್ಡ ಹಿಡಿಯದ ಸ್ಟಾಪನ್ನು ಈ ಊರಿನ ಮಟಾಟು ವ್ಯಾನುಗಳು ದಾಟುವ ಹಾಗೆ, ಆ ಅಕ್ಷರವನ್ನು ವೇಗ ಕೂಡ ತಗ್ಗಿಸದೆ ದಾಟಿಕೊಂಡು ಹೋದಳು. ಎಲ್ಲರೂ ಅವಳ ಜೊತೆ ಹೊರಟುಹೋದರು, ಹಾಡಿಗೆ, ತಿಂಡಿಗೆ. ನಾನೊಬ್ಬಳು ಆ ಅಕ್ಷರದ ಸ್ಟಾಪಿನಲ್ಲೇ ಇಳಿದು ಸ್ವಲ್ಪ ಹೊತ್ತು ನಿಂತಿದ್ದೆ.